ಮನೆಗೆ ಕನ್ನಡ ಟಿ.ವಿ.: ಡಿಶ್ ಒಳ್ಳೆಯದೋ, ಬ್ರಾಡ್‌ಬ್ಯಾಂಡ್ ಒಳ್ಳೆಯದೋ?



ಚಳಿ ಕಳೆದು ಊರಿನಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬರುವ ದಿನ ಹತ್ತಿರವಾಯಿತೆಂದರೆ ನಮ್ಮ ಬಳಗದಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. "ಕನ್ನಡ ಚಾನೆಲ್‌ಗೆ ಏನು ಹಾಕಿಸ್ಲಿ? ಛಾವಣಿ ಮೇಲೆ ಡಿಶ್ಶೋ, ಇಂಟರ್‌ನೆಟ್ ಡಬ್ಬಿಯೋ?" ಯುಗಾದಿ ಊಟದ ಸಾಲಿನಲ್ಲಿ, ಮಕ್ಕಳನ್ನು ಕನ್ನಡ ಶಾಲೆಗೆ ಬಿಡುವಾಗ, ಕಾರ್ ಪಾರ್ಕಿಂಗ್ ಜಾಗದಲ್ಲಿ, ಎಲ್ಲ ಕಡೆ ಇದೇ ಮಾತು. ಒಬ್ಬೊಬ್ಬರದು ಒಂದೊಂದು ಉತ್ತರ. ಆದ್ದರಿಂದ ನಮಗೆ ತಿಳಿದಿದ್ದನ್ನೆಲ್ಲ ಒಂದು ಕಡೆ ಬರೆದಿಡೋಣವೆಂದು ಈ ಲೇಖನ. ಅಮೆರಿಕದಲ್ಲಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇವೆ. ಬ್ರಿಟನ್ ಮತ್ತು ಗಲ್ಫ್ ಕಡೆಯವರಿಗೆ ಕೊನೆಯಲ್ಲಿ ನಾಲ್ಕು ಮಾತು ಇದೆ.

ಮೊದಲು ನಾವು ಕಲಿತ ಪಾಠ ಹೇಳಿಬಿಡುತ್ತೇವೆ. 2014ರಲ್ಲಿ ಅತ್ತೆ-ಮಾವ ನ್ಯೂಜೆರ್ಸಿಯ ನಮ್ಮ ಮನೆಗೆ ಆರು ತಿಂಗಳಿಗೆ ಬರುವವರಿದ್ದರು. ಬೇಸರವಾಗಬಾರದು ಎಂದು ಫೆಬ್ರವರಿಯಲ್ಲೇ ಡಿಶ್ ಹಾಕಿಸಿದೆವು. ಬಂದ ಹುಡುಗ ಅಳತೆ ನೋಡಿದ, ಸಿಗ್ನಲ್ ಚೆನ್ನಾಗಿದೆ ಎಂದ, 24 ತಿಂಗಳ ಕರಾರಿಗೆ ನಾವು ಸಹಿ ಹಾಕಿದೆವು. ಮಾರ್ಚ್, ಏಪ್ರಿಲ್ ಸೊಗಸಾಗಿ ಕಳೆಯಿತು. ಮೇ ತಿಂಗಳ ಮೊದಲ ವಾರ ಚಿತ್ರ ಚೌಕ ಚೌಕವಾಗಿ ಒಡೆಯತೊಡಗಿತು. ಎರಡನೇ ವಾರಕ್ಕೆ ಪೂರ್ತಿ ಕಪ್ಪು. ಕಾರಣ ಪಕ್ಕದ ಮನೆಯವರ ಮೇಪಲ್ ಮರ! ಫೆಬ್ರವರಿಯಲ್ಲಿ ಬೋಳಾಗಿದ್ದ ಮರ ಮೇ ತಿಂಗಳಲ್ಲಿ ಮೈತುಂಬ ಎಲೆ ಹೊತ್ತು ನಿಂತಿತ್ತು. ಮರ ನಮ್ಮದಲ್ಲ, ಕಡಿಸುವ ಹಾಗಿಲ್ಲ. ಕರಾರು ನಮ್ಮದು, ಬಿಡುವ ಹಾಗಿಲ್ಲ. "ಊರಲ್ಲಿ ಕರೆಂಟ್ ಹೋದ್ರೆ ಯಾವಾಗಲೋ ಬರುತ್ತೆ ಅಂತ ಗೊತ್ತಿರ್ತಿತ್ತು. ಇಲ್ಲಿ ಎಲೆ ಉದುರೋವರೆಗೆ ಕಾಯಬೇಕಾ?" ಎಂದು ಅತ್ತೆ ಕೇಳಿದರು. ಎಲೆ ಉದುರುವ ಹೊತ್ತಿಗೆ ಅವರು ವಾಪಸ್ ಹೊರಟಿರುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಧಿಗೆ ಮುಂಚೆ ಬಿಟ್ಟಿದ್ದಕ್ಕೆ ದಂಡ ಕಟ್ಟಿ, ಜೂನ್‌ನಲ್ಲಿ ಬ್ರಾಡ್‌ಬ್ಯಾಂಡ್ ದಾರಿಗೆ ಬಂದೆವು.

ಅಂದು ಕಲಿತದ್ದು ಇಷ್ಟು: ಡಿಶ್ ಒಳ್ಳೆಯದೋ ಬ್ರಾಡ್‌ಬ್ಯಾಂಡ್ ಒಳ್ಳೆಯದೋ ಎಂಬುದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ. ಉತ್ತರ ಜಾಹೀರಾತಿನಲ್ಲಿ ಇಲ್ಲ. ನಿಮ್ಮ ಮನೆಯ ಮೇಲಿನ ಆಕಾಶದಲ್ಲಿ, ಮನೆಯೊಳಗಿನ ತಂತಿಯಲ್ಲಿ, ಟಿ.ವಿ. ಮುಂದೆ ಕೂರುವವರ ದಿನಚರಿಯಲ್ಲಿ ಇದೆ. ಇವನ್ನು ನೀವೇ ಪರೀಕ್ಷಿಸಬಹುದು, ಅದಕ್ಕೆ ಕಾಸು ಖರ್ಚಿಲ್ಲ.

ಎರಡು ದಾರಿಗಳು, ಎರಡು ಸ್ವಭಾವಗಳು

ಟಿ.ವಿ. ಪ್ರಸಾರಕ್ಕೆ ಬಳಸುವುದು ಭೂಸ್ಥಿರ ಉಪಗ್ರಹ. ಅದು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಸುತ್ತುತ್ತಿರುತ್ತದೆ. ಹಾಗಾಗಿ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಡಿಶ್ಶನ್ನು ಒಮ್ಮೆ ಆ ದಿಕ್ಕಿಗೆ ತಿರುಗಿಸಿ ಬಿಗಿದರೆ ಮತ್ತೆ ಮುಟ್ಟುವ ಅಗತ್ಯವಿಲ್ಲ. ಮೇಲಿನಿಂದ ಒಂದೇ ಸಿಗ್ನಲ್ ಇಡೀ ದೇಶದ ಮೇಲೆ ಮಳೆಯಂತೆ ಸುರಿಯುತ್ತದೆ. ನೂರು ಮನೆ ನೋಡಲಿ, ಹತ್ತು ಲಕ್ಷ ಮನೆ ನೋಡಲಿ, ಸಿಗ್ನಲ್ ಹಂಚಿಹೋಗುವುದಿಲ್ಲ. ಹಬ್ಬದ ದಿನ ಎಲ್ಲರೂ ಒಟ್ಟಿಗೆ ಕೂತರೂ ಚಿತ್ರದ ಗುಣಮಟ್ಟ ಕಡಿಮೆಯಾಗುವುದಿಲ್ಲ.

ಬ್ರಾಡ್‌ಬ್ಯಾಂಡ್ ಹಾಗಲ್ಲ. ಅದು ನಲ್ಲಿ ನೀರಿನಂತೆ. ನೀವು ಚಾನೆಲ್ ಒತ್ತಿದಾಗ ದೂರದ ಸರ್ವರ್‌ನಿಂದ ನಿಮ್ಮೊಬ್ಬರಿಗಾಗಿಯೇ ಒಂದು ಪ್ರವಾಹ ಹೊರಟು, ನಿಮ್ಮ ಬೀದಿಯ ತಂತಿಯಲ್ಲಿ ಬಂದು, ನಿಮ್ಮ ವೈ-ಫೈ ದಾಟಿ ಟಿ.ವಿ. ಸೇರುತ್ತದೆ. ದಾರಿಯಲ್ಲಿ ಎಲ್ಲಿ ಇಕ್ಕಟ್ಟಾದರೂ ತೆರೆಯ ಮೇಲೆ ಚಕ್ರ ತಿರುಗುತ್ತದೆ. ಆದರೆ ಪ್ರವಾಹ ನಿಮ್ಮೊಬ್ಬರದೇ ಆದ್ದರಿಂದ ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ನಿನ್ನೆಯದನ್ನು ಇಂದು ನೋಡಬಹುದು. ಎರಡೂ ದಾರಿಗಳ ಹೆಚ್ಚಿನ ಗುಣ-ದೋಷಗಳು ಈ ಸ್ವಭಾವದಿಂದಲೇ ಹುಟ್ಟುತ್ತವೆ.

ಇಲ್ಲೊಂದು ಗೊಂದಲ ನಿವಾರಿಸಿಕೊಳ್ಳಿ. ಉಪಗ್ರಹ ಟಿ.ವಿ. ಬೇರೆ, ಉಪಗ್ರಹ ಇಂಟರ್‌ನೆಟ್ ಬೇರೆ. ಸ್ಟಾರ್‌ಲಿಂಕ್‌ನಂಥದ್ದು ಸುಮಾರು 550 ಕಿಲೋಮೀಟರ್ ಎತ್ತರದ ಸಾವಿರಾರು ಸಣ್ಣ ಉಪಗ್ರಹಗಳ ಮೂಲಕ ಇಂಟರ್‌ನೆಟ್ ಕೊಡುತ್ತದೆ. ಅದರಲ್ಲಿ ಟಿ.ವಿ. ನೋಡಿದರೆ ಅದು ಬ್ರಾಡ್‌ಬ್ಯಾಂಡ್ ಲೆಕ್ಕಕ್ಕೇ ಸೇರುತ್ತದೆ.

ಮೊದಲ ಪ್ರಶ್ನೆ: ನಿಮ್ಮ ಚಾನೆಲ್ ಯಾವ ದಾರಿಯಲ್ಲಿ ಬರುತ್ತದೆ?

"ಕನ್ನಡ ಪ್ಯಾಕ್ ಇದೆ" ಎಂಬ ಮಾತಿಗೆ ಮರುಳಾಗಬೇಡಿ. ಮನೆಯವರು ನೋಡುವ ಚಾನೆಲ್‌ಗಳ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಒಂದೊಂದನ್ನೂ ಕೇಳಿ. ಕನ್ನಡ ಚಾನೆಲ್‌ಗಳು ಬೇರೆ ಬೇರೆ ಗುಂಪುಗಳಿಗೆ ಸೇರಿವೆ. ಉದಯ ಸನ್ ಗುಂಪಿನದು. ಜೀ ಕನ್ನಡ ಜೀ ಗುಂಪಿನದು. ಹಿಂದೆ ಈಟಿವಿ ಕನ್ನಡವಾಗಿದ್ದು 2015ರಲ್ಲಿ ಹೆಸರು ಬದಲಿಸಿಕೊಂಡ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ 2024ರ ವಿಲೀನದ ನಂತರ ಜಿಯೋಸ್ಟಾರ್ ಕೈಯಲ್ಲಿವೆ. ಒಂದೊಂದು ಗುಂಪೂ ಒಂದೊಂದು ದೇಶದಲ್ಲಿ ಒಂದೊಂದು ಕಂಪನಿಗೆ ಹಕ್ಕು ಮಾರುತ್ತದೆ. ಅದಕ್ಕೇ ಒಂದು ಪ್ಯಾಕಿನಲ್ಲಿ ಅತ್ತೆಯ ಧಾರಾವಾಹಿ ಇದ್ದರೆ ಮಾವನ ಸುದ್ದಿ ಇರುವುದಿಲ್ಲ.

ಒಂದು ಕಾಲದಲ್ಲಿ ನಮಗೆ ಗ್ರಾಸರಿ ಅಂಗಡಿಯಲ್ಲಿ ಬಾಡಿಗೆಗೆ ಸಿಗುತ್ತಿದ್ದ ವಿಡಿಯೋ ಕ್ಯಾಸೆಟ್ಟೇ ಗತಿ. ಅಮೆರಿಕದಲ್ಲಿ ಡೈರೆಕ್‌ಟಿವಿ 1994ರಲ್ಲಿ, ಡಿಶ್ ನೆಟ್‌ವರ್ಕ್ 1996ರಲ್ಲಿ ಮನೆ ಮನೆಗೆ ಸಣ್ಣ ಡಿಶ್ ತಂದವು. ಭಾರತೀಯ ಭಾಷೆಗಳ ಚಾನೆಲ್‌ಗಳು ಆ ದಾರಿಯಲ್ಲೇ ಇಲ್ಲಿನ ಮನೆಗಳಿಗೆ ಬಂದವು. ಆಮೇಲೆ ಗಾಳಿ ತಿರುಗಿತು. 2006ರಲ್ಲಿ ಶುರುವಾದ ಯಪ್‌ಟಿವಿ ಇಂಟರ್‌ನೆಟ್ಟಿನಲ್ಲೇ ದಕ್ಷಿಣದ ಭಾಷೆಗಳ ಚಾನೆಲ್ ಕೊಡತೊಡಗಿತು. 2015ರಲ್ಲಿ ಡಿಶ್ ನೆಟ್‌ವರ್ಕ್ ತಾನೇ ಸ್ಲಿಂಗ್ ಟಿ.ವಿ. ಎಂಬ ಬ್ರಾಡ್‌ಬ್ಯಾಂಡ್ ಸೇವೆ ತೆರೆಯಿತು. 2017ರಲ್ಲಿ ಸನ್ ನೆಕ್ಸ್ಟ್ ಬಂತು. ಜೀ5 ಭಾರತದಲ್ಲಿ 2018ರಲ್ಲಿ, ಅಮೆರಿಕದಲ್ಲಿ 2021ರಲ್ಲಿ ಶುರುವಾಯಿತು. ಡೈರೆಕ್‌ಟಿವಿಯ ಅಂದಿನ ಒಡೆಯರಾದ ಎಟಿ ಅಂಡ್ ಟಿ ಕಂಪನಿಯವರು 2018ರಲ್ಲೇ ಇನ್ನು ಹೊಸ ಟಿ.ವಿ. ಉಪಗ್ರಹ ಹಾರಿಸುವುದಿಲ್ಲ ಎಂದುಬಿಟ್ಟರು. ಅಂದರೆ ಹೊಸ ಹೂಡಿಕೆ ತಂತಿಯ ಕಡೆ ಹರಿಯುತ್ತಿದೆ. ಉಪಗ್ರಹದ ಪಟ್ಟಿಯಲ್ಲಿ ಇಂದು ಇರುವ ಚಾನೆಲ್ ಎರಡು ವರ್ಷದ ಕರಾರು ಮುಗಿಯುವವರೆಗೂ ಇರುತ್ತದೆಯೇ ಎಂದು ಕೇಳುವುದು ತಪ್ಪಲ್ಲ.

ಹಾಗೆಂದು ಆ್ಯಪ್‌ಗಳು ಶಾಶ್ವತ ಎಂದುಕೊಳ್ಳಬೇಡಿ. ಹಾಟ್‌ಸ್ಟಾರ್ ಅಮೆರಿಕದಲ್ಲಿ ಪ್ರತ್ಯೇಕ ಸೇವೆಯಾಗಿ 2022ರಲ್ಲಿ ನಿಂತುಹೋಯಿತು. ಊರಿನಲ್ಲಿ ತೆಗೆದ ಚಂದಾ ಇಲ್ಲಿಯೂ ನಡೆಯುತ್ತದೆ ಎಂಬ ಭರವಸೆಯೂ ಬೇಡ. ಹಕ್ಕು ದೇಶಕ್ಕೆ ಸೀಮಿತವಾಗಿದ್ದರೆ ಅಮ್ಮನ ಫೋನಿನಲ್ಲಿ ಮೈಸೂರಿನಲ್ಲಿ ಓಡುತ್ತಿದ್ದ ಆ್ಯಪ್ ಇಲ್ಲಿ ಇಳಿದ ಕೂಡಲೇ ಬಾಗಿಲು ಹಾಕಿಕೊಳ್ಳಬಹುದು.

ಇನ್ನು ಸುದ್ದಿಯಷ್ಟೇ ಸಾಕೆನ್ನುವ ಮನೆಗೆ ಎರಡರಲ್ಲಿ ಯಾವುದೂ ಬೇಕಾಗದೆ ಹೋಗಬಹುದು. ಟಿವಿ9 ಕನ್ನಡ, ಪಬ್ಲಿಕ್ ಟಿವಿಯಂಥ ಸುದ್ದಿವಾಹಿನಿಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರ ಕೊಡುತ್ತವೆ. ದೂರದರ್ಶನ ಚಂದನದಲ್ಲಿ ಡಾ. ನಾ. ಸೋಮೇಶ್ವರ ಅವರು ನಡೆಸುವ 'ಥಟ್ ಅಂತ ಹೇಳಿ' ಕಂತುಗಳೂ ಅಲ್ಲಿ ಸಿಗುತ್ತವೆ. ಎಷ್ಟೋ ಹಿರಿಯರಿಗೆ ಬೇಕಾದದ್ದು ಇಷ್ಟೇ ಆಗಿರುತ್ತದೆ. ಕೇಳದೆ ನಾವೇ ದೊಡ್ಡ ಪ್ಯಾಕ್ ಹಾಕಿಸಿರುತ್ತೇವೆ!

ಎರಡನೇ ಪ್ರಶ್ನೆ: ನಿಮ್ಮ ಆಕಾಶ ಹೇಗಿದೆ?

ಉಪಗ್ರಹಗಳು ಭೂಮಧ್ಯರೇಖೆಯ ಮೇಲಿವೆ, ನಾವು ಉತ್ತರದಲ್ಲಿದ್ದೇವೆ. ಆದ್ದರಿಂದ ಅಮೆರಿಕದ ಯಾವ ಊರಿನಿಂದಲೂ ಡಿಶ್ ನೋಡಬೇಕಾದದ್ದು ದಕ್ಷಿಣದ ಕಡೆಗೆ, ಅಂದರೆ ಆಗ್ನೇಯದಿಂದ ನೈಋತ್ಯದವರೆಗಿನ ಆಕಾಶದತ್ತ. ಉತ್ತರಕ್ಕೆ ಮುಖ ಮಾಡಿದ ಬಾಲ್ಕನಿ ಮಾತ್ರ ಇರುವವರು ಇಲ್ಲಿಗೇ ಡಿಶ್ ಆಸೆ ಬಿಡಬಹುದು.

ದಿಕ್ಕಿನಷ್ಟೇ ಮುಖ್ಯ ಎತ್ತರದ ಕೋನ. ಮಧ್ಯ ನ್ಯೂಜೆರ್ಸಿಯಿಂದ ಲೆಕ್ಕ ಹಾಕಿದರೆ ಪಶ್ಚಿಮ 61.5 ಡಿಗ್ರಿ ರೇಖಾಂಶದ ಉಪಗ್ರಹ ದಿಗಂತದಿಂದ ಸುಮಾರು 41 ಡಿಗ್ರಿ ಮೇಲಿದೆ. 119 ಡಿಗ್ರಿಯದು ಸುಮಾರು 25 ಡಿಗ್ರಿ ಮಾತ್ರ. 25 ಡಿಗ್ರಿ ಎಂದರೆ ಸಂಜೆ ಇಳಿಯುತ್ತಿರುವ ಸೂರ್ಯನ ಎತ್ತರ. 50 ಅಡಿ ದೂರದ ಮರ ಡಿಶ್ಶಿನ ಮಟ್ಟಕ್ಕಿಂತ 23 ಅಡಿ ಎತ್ತರ ಇದ್ದರೆ ಆ ದೃಷ್ಟಿರೇಖೆಗೆ ಅಡ್ಡ ಬರುತ್ತದೆ. 41 ಡಿಗ್ರಿಯಾದರೆ ಅದೇ ದೂರದ ಮರ ಸುಮಾರು 44 ಅಡಿವರೆಗೆ ಬೆಳೆದರೂ ತೊಂದರೆ ಇಲ್ಲ. ಹಾಗಾಗಿ ಕಂಪನಿಯವರನ್ನು ಕೇಳಬೇಕಾದ ಮೊದಲ ಮಾತು: "ನಮಗೆ ಬೇಕಾದ ಭಾಷೆಯ ಚಾನೆಲ್ ಯಾವ ಉಪಗ್ರಹದಲ್ಲಿದೆ?" ಇಂಗ್ಲಿಷ್ ಚಾನೆಲ್‌ಗಳು ಒಂದರಲ್ಲಿ, ಹೊರದೇಶದ ಭಾಷೆಯವು ಇನ್ನೊಂದರಲ್ಲಿ ಇರುವುದುಂಟು. ಆಗ ಎರಡೂ ಕಡೆ ಆಕಾಶ ತೆರೆದಿರಬೇಕು, ಕೆಲವೊಮ್ಮೆ ಇನ್ನೊಂದು ಡಿಶ್ಶೇ ಬೇಕಾಗುತ್ತದೆ. ಫೋನಿನ ಕ್ಯಾಮೆರಾದಲ್ಲೇ ಉಪಗ್ರಹ ಎಲ್ಲಿದೆ ಎಂದು ತೋರಿಸುವ ಆ್ಯಪ್‌ಗಳಿವೆ. ಚಳಿಗಾಲದಲ್ಲಿ ನೋಡುವುದಾದರೆ ಬೋಳು ಕೊಂಬೆಗಳನ್ನೂ ಎಲೆ ತುಂಬಿದ ಮರವೆಂದೇ ಭಾವಿಸಿ. ನಾವು ಮಾಡದೆ ಕೆಟ್ಟದ್ದು ಇದನ್ನೇ.

ಬಾಡಿಗೆ ಮನೆಯವರಿಗೆ ಒಂದು ಕಾನೂನಿನ ಮಾತು. ಅಮೆರಿಕದ ಎಫ್‌ಸಿಸಿ 1996ರಲ್ಲಿ ತಂದ ನಿಯಮದ ಪ್ರಕಾರ ಒಂದು ಮೀಟರ್ ಅಥವಾ ಅದಕ್ಕಿಂತ ಚಿಕ್ಕ ಡಿಶ್ಶನ್ನು ಮನೆ ಮಾಲೀಕರ ಸಂಘವಾಗಲಿ ಇತರರಾಗಲಿ ವಿನಾಕಾರಣ ತಡೆಯುವಂತಿಲ್ಲ. 1999ರಿಂದ ಇದು ಬಾಡಿಗೆದಾರರಿಗೂ ಅನ್ವಯ. ಆದರೆ ನಿಮ್ಮೊಬ್ಬರ ಬಳಕೆಗೇ ಇರುವ ಬಾಲ್ಕನಿ, ಪ್ಯಾಟಿಯೋದಲ್ಲಿ ಮಾತ್ರ. ಎಲ್ಲರಿಗೂ ಸೇರಿದ ಛಾವಣಿ, ಹೊರಗೋಡೆಗಳಿಗೆ ಈ ಹಕ್ಕು ಬರುವುದಿಲ್ಲ. ಗೋಡೆಗೆ ತೂತು ಕೊರೆಯಬೇಡಿ ಎಂದು ಮಾಲೀಕರು ಹೇಳಬಹುದು. ಅದಕ್ಕೇ ಕೆಲವರು ಬಕೆಟ್ಟಿನಲ್ಲಿ ಕಾಂಕ್ರೀಟ್ ತುಂಬಿ, ಅದರಲ್ಲಿ ಕಂಬ ನಿಲ್ಲಿಸಿ, ಬಾಲ್ಕನಿಯ ತುಳಸಿಗಿಡದ ಪಕ್ಕ ಡಿಶ್ ಇಟ್ಟುಕೊಂಡಿರುವುದು!

ಮೂರನೇ ಪ್ರಶ್ನೆ: ನಿಮ್ಮ ತಂತಿ ಎಷ್ಟು ಗಟ್ಟಿ?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬ್ರಾಡ್‌ಬ್ಯಾಂಡಿಗೂ ಸಲ್ಲುತ್ತದೆ. ಒಂದು ಎಚ್‌ಡಿ ಪ್ರವಾಹಕ್ಕೆ ಸುಮಾರು 5 ಎಂಬಿಪಿಎಸ್ ವೇಗ ಬೇಕು. 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಇರಲಿ ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಹಾಲಿನಲ್ಲಿ ಅಜ್ಜಿಯ ಧಾರಾವಾಹಿ, ಮಹಡಿಯ ಮೇಲೆ ಮಗಳ ಕಾರ್ಟೂನ್, ಕೋಣೆಯಲ್ಲಿ ನಿಮ್ಮ ಆಫೀಸಿನ ವಿಡಿಯೋ ಮೀಟಿಂಗ್ ಒಟ್ಟಿಗೆ ನಡೆಯಬೇಕಾದರೆ 25 ಎಂಬಿಪಿಎಸ್ ಇದ್ದರೆ ನಿರಾಳ. 2024ರಲ್ಲಿ ಎಫ್‌ಸಿಸಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇಳಿಕೆಯಲ್ಲಿ 100, ಏರಿಕೆಯಲ್ಲಿ 20 ಎಂಬಿಪಿಎಸ್ ಇರಬೇಕೆಂದು ಮಟ್ಟ ಏರಿಸಿದೆ. ನಗರದ ಕೇಬಲ್, ಫೈಬರ್ ಸಂಪರ್ಕದ ಮನೆಗಳಲ್ಲಿ ವೇಗದ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಹಾಗಾದರೆ ಚಕ್ರ ತಿರುಗುವುದು ಏಕೆ? ನಾವು ಕಂಡಂತೆ ದೋಷ ಬೀದಿಯ ತಂತಿಗಿಂತ ಮನೆಯೊಳಗಿನ ವೈ-ಫೈಯದ್ದೇ ಹೆಚ್ಚು. ರೌಟರ್ ಬೇಸ್‌ಮೆಂಟಿನ ಮೂಲೆಯಲ್ಲಿ, ಟಿ.ವಿ. ಎರಡು ಮಹಡಿ ಮೇಲೆ. ವೇಗ ಪರೀಕ್ಷಿಸುವುದಾದರೆ ರೌಟರ್ ಪಕ್ಕ ಅಲ್ಲ, ಟಿ.ವಿ. ಇರುವ ಜಾಗದಲ್ಲಿ, ಬೀದಿಯವರೆಲ್ಲ ಮನೆಯಲ್ಲಿರುವ ರಾತ್ರಿ ಎಂಟು ಗಂಟೆಗೆ ಪರೀಕ್ಷಿಸಿ. ಕಡಿಮೆ ಬಂದರೆ ಕಂಪನಿಗೆ ಹೆಚ್ಚು ಹಣ ಕಟ್ಟುವ ಮೊದಲು ಟಿ.ವಿ.ಗೆ ನೇರವಾಗಿ ಈಥರ್ನೆಟ್ ಕೇಬಲ್ ಎಳೆದು ನೋಡಿ. ನಮ್ಮ ಮನೆಯಲ್ಲಿ ಕಾರ್ಪೆಟ್ಟಿನ ಅಂಚಿನಲ್ಲಿ ಓಡಿಸಿದ 50 ಅಡಿ ಕೇಬಲ್ ಎಲ್ಲ ಬಫರಿಂಗ್ ನಿಲ್ಲಿಸಿತು.

ಇನ್ನೊಂದು ಲೆಕ್ಕ ಡೇಟಾದ್ದು. 5 ಎಂಬಿಪಿಎಸ್ ಪ್ರವಾಹ ಗಂಟೆಗೆ 2.25 ಜಿಬಿ ಖರ್ಚು ಮಾಡುತ್ತದೆ. ಹಿರಿಯರಿರುವ ಮನೆಯಲ್ಲಿ ಟಿ.ವಿ. ದಿನಕ್ಕೆ ಆರು ಗಂಟೆ ಓಡಿದರೆ 13.5 ಜಿಬಿ, ತಿಂಗಳಿಗೆ 405 ಜಿಬಿ. ಯಾರೂ ನೋಡದಿದ್ದರೂ "ಮನೇಲಿ ಮಾತು ಕೇಳ್ತಿರ್ಲಿ" ಎಂದು ಹಾಕಿಟ್ಟರೂ ಲೆಕ್ಕ ನಿಲ್ಲದು. ನಿಮ್ಮ ಪ್ಲಾನಿನಲ್ಲಿ ತಿಂಗಳ ಮಿತಿ ಇದೆಯೇ, ಮೀರಿದರೆ ದಂಡವೋ ವೇಗ ಕಡಿತವೋ ನೋಡಿಕೊಳ್ಳಿ. ಡಿಶ್ಶಿನಲ್ಲಿ ಈ ಚಿಂತೆ ಇಲ್ಲ, ದಿನವಿಡೀ ಓಡಿದರೂ ಅದೇ ಬಿಲ್ಲು. ಹಳ್ಳಿಗಾಡಿನಲ್ಲಿ, ಒಳ್ಳೆಯ ತಂತಿ ತಲುಪದ ಕಡೆ ಇರುವವರಿಗೆ ಡಿಶ್ ಇಂದಿಗೂ ನಂಬಿಕಸ್ಥ ನೆಂಟ.

ಮಳೆ, ಹಿಮ, ಬಿಸಿಲು

ಡಿಶ್ ಸಿಗ್ನಲ್ ಬರುವ ಕೆಯು ಬ್ಯಾಂಡಿನ ಅಲೆಗಳನ್ನು ಜೋರು ಮಳೆಯ ಹನಿಗಳು ಹೀರಿಕೊಳ್ಳುತ್ತವೆ. ಗುಡುಗು-ಮಳೆಯಲ್ಲಿ ಚಿತ್ರ ಹೋಗುವುದು ಇದರಿಂದ. ಮೋಡ ದಾಟಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಾನಾಗಿ ಸರಿಹೋಗುತ್ತದೆ. ಒದ್ದೆ ಹಿಮ ಡಿಶ್ಶಿನ ಮೇಲೆ ಕೂತರೆ ಮೆತ್ತನೆಯ ಪೊರಕೆಯಿಂದ ಕೊಡವಬೇಕು. ಡಿಶ್ ಕೈಗೆಟುಕುವಲ್ಲಿ ಇದ್ದರೆ ಮಾತ್ರ. ಹಿಮದಲ್ಲಿ ಏಣಿ ಹತ್ತುವ ಸಾಹಸ ಬೇಡ, ಧಾರಾವಾಹಿ ಸೊಂಟಕ್ಕಿಂತ ದೊಡ್ಡದಲ್ಲ. ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಸೂರ್ಯ ಉಪಗ್ರಹದ ಹಿಂದೆಯೇ ಹಾದುಹೋಗುವ ಕೆಲವು ದಿನಗಳಲ್ಲಿ ಹಗಲು ಕೆಲವು ನಿಮಿಷ ಚಿತ್ರ ಕೆಡುತ್ತದೆ. ಅದಕ್ಕೆ ಯಾರನ್ನೂ ಕರೆಸಬೇಕಿಲ್ಲ.

ಬ್ರಾಡ್‌ಬ್ಯಾಂಡಿಗೆ ಮಳೆಯ ಹಂಗಿಲ್ಲ. ಆದರೆ ಕೆಟ್ಟಾಗ ಕಂಬದ ಮೇಲಿನ ತಂತಿಯನ್ನೇ ಸರಿಪಡಿಸಬೇಕಾಗಿ ಬಂದು ಗಂಟೆಗಟ್ಟಲೆ ಹೋಗಬಹುದು. ಆಗ ಟಿ.ವಿ. ಜೊತೆ ಊರಿಗೆ ಮಾತಾಡುವ ವಾಟ್ಸ್ಆ್ಯಪ್ ಕರೆಯೂ ನಿಲ್ಲುತ್ತದೆ. ಡಿಶ್ ಇದ್ದರೆ ಎರಡರಲ್ಲಿ ಒಂದಾದರೂ ಉಳಿದಿರುತ್ತದೆ. ಕರೆಂಟ್ ಹೋದರೆ ಮಾತ್ರ ಎರಡೂ ಸಮಾನ!

ಒಂಬತ್ತರ ಧಾರಾವಾಹಿ ಎಷ್ಟು ಹೊತ್ತಿಗೆ?

ಬೆಂಗಳೂರಿನಲ್ಲಿ ರಾತ್ರಿ ಒಂಬತ್ತು ಗಂಟೆ ಎಂದರೆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 11:30, ಕ್ಯಾಲಿಫೋರ್ನಿಯಾದಲ್ಲಿ 8:30. ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ಮುಂಚೆ. ಕೆಲವು ಚಾನೆಲ್‌ಗಳು ಇಲ್ಲಿನ ಸಂಜೆಗೆ ಹೊಂದುವಂತೆ ಕಾರ್ಯಕ್ರಮವನ್ನು ತಡವಾಗಿ ಕಳಿಸುತ್ತವೆ, ಕೆಲವು ಇಲ್ಲ. ಕೇಳಿ ತಿಳಿದುಕೊಳ್ಳಿ. ಡಿಶ್ ಆದರೆ ರೆಕಾರ್ಡ್ ಮಾಡುವ ಡಬ್ಬಿ ಬೇಕು. ಆದರೆ ರೆಕಾರ್ಡ್ ಆದದ್ದು ನಿಮ್ಮ ಮನೆಯಲ್ಲೇ ಇರುತ್ತದೆ. ಬ್ರಾಡ್‌ಬ್ಯಾಂಡ್ ಸೇವೆಗಳಲ್ಲಿ ಕಳೆದ ಕೆಲವು ದಿನಗಳ ಕಾರ್ಯಕ್ರಮವನ್ನು ಹಿಂದಿರುಗಿ ನೋಡುವ ಸೌಲಭ್ಯ ಇರುವುದುಂಟು. ಎಷ್ಟು ದಿನ, ಯಾವ ಚಾನೆಲ್‌ಗೆ ಎಂಬುದು ಹಕ್ಕಿನ ಮೇಲೆ ನಿಂತಿದೆ. ಕೆಲಸ ಮುಗಿಸಿ ಬಂದು ಎಲ್ಲರೂ ಒಟ್ಟಿಗೆ ಕೂತು ನೋಡುವ ಮನೆಗೆ ಈ ಸೌಲಭ್ಯ ಬಹಳ ದೊಡ್ಡದು.

ಕ್ರಿಕೆಟ್ ಪ್ರಿಯರಿಗೆ ಇನ್ನೊಂದು ಸಂಗತಿ. ಉಪಗ್ರಹಕ್ಕೆ ಹೋಗಿ ಬರಲು ಸಿಗ್ನಲ್‌ಗೆ ಕಾಲು ಸೆಕೆಂಡ್ ಸಾಕು. ಇಂಟರ್‌ನೆಟ್ ಪ್ರಸಾರದಲ್ಲಿ ಚಿತ್ರವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ, ಒಂದೆರಡು ತುಂಡು ಮುಂಚಿತವಾಗಿ ಕೂಡಿಟ್ಟುಕೊಂಡು ತೋರಿಸುತ್ತಾರೆ. ಹಾಗಾಗಿ ಅರ್ಧ ನಿಮಿಷದಷ್ಟು ಅಥವಾ ಹೆಚ್ಚು ತಡವಾಗುವುದು ಸಾಮಾನ್ಯ. ನಿಮ್ಮ ತೆರೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುವಾಗಲೇ ಊರಿನ ತಮ್ಮ "ಔಟ್!" ಎಂದು ಮೆಸೇಜ್ ಹಾಕಿರುತ್ತಾನೆ. ಪಂದ್ಯದ ದಿನ ಫೋನನ್ನು ಅಡುಗೆಮನೆಯಲ್ಲಿಡಿ.

ಹಣದ ಲೆಕ್ಕ

ದರಗಳು ತಿಂಗಳು ತಿಂಗಳೂ ಬದಲಾಗುತ್ತವೆ. ಆದ್ದರಿಂದ ದರ ಬರೆಯದೆ ಲೆಕ್ಕದ ಕ್ರಮ ಹೇಳುತ್ತೇವೆ. ತಿಂಗಳ ಬಿಲ್ಲು ನೋಡಬೇಡಿ, ಕರಾರಿನ ಇಡೀ ಅವಧಿಯ ಮೊತ್ತ ನೋಡಿ. ಅದನ್ನು ಮನೆಯಲ್ಲಿ ನಿಜವಾಗಿ ಟಿ.ವಿ. ನೋಡುವ ತಿಂಗಳುಗಳಿಂದ ಭಾಗಿಸಿ. ಉದಾಹರಣೆಗೆ (ಇದು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ, ಯಾವ ಕಂಪನಿಯ ದರವೂ ಅಲ್ಲ) ತಿಂಗಳಿಗೆ 60 ಡಾಲರಿನಂತೆ 24 ತಿಂಗಳ ಕರಾರು ಎಂದರೆ 1,440 ಡಾಲರ್. ಅಪ್ಪ-ಅಮ್ಮ ಇರುವುದು ಆರು ತಿಂಗಳು, ಆಮೇಲೆ ಯಾರೂ ನೋಡುವುದಿಲ್ಲ ಎಂದಾದರೆ ನಿಜವಾದ ದರ ತಿಂಗಳಿಗೆ 240 ಡಾಲರ್!

ಡಿಶ್ ಆದರೆ ಕೇಳಬೇಕಾದವು: ಹಾಕಿಸುವ ಖರ್ಚು, ಪ್ರತಿ ಟಿ.ವಿ.ಗೆ ರಿಸೀವರ್ ಬಾಡಿಗೆ, ಕನ್ನಡಕ್ಕೆ ಮೊದಲು ಬೇರೊಂದು ಮೂಲ ಪ್ಯಾಕ್ ಕಡ್ಡಾಯವೇ, ರಿಯಾಯಿತಿ ಮುಗಿದ ಮೇಲಿನ ದರ, ಅವಧಿಗೆ ಮುಂಚೆ ಬಿಟ್ಟರೆ ದಂಡ, ಮನೆ ಬದಲಿಸಿದರೆ ಏನು, ಚಾನೆಲ್ ನಿಂತುಹೋದರೆ ಕರಾರಿನಿಂದ ಬಿಡುಗಡೆ ಉಂಟೇ. ಬ್ರಾಡ್‌ಬ್ಯಾಂಡ್ ಆದರೆ: ಏಕಕಾಲಕ್ಕೆ ಎಷ್ಟು ತೆರೆ, ತಿಂಗಳ ಚಂದಾ ಇದೆಯೇ ಅಥವಾ ವರ್ಷದ್ದು ಮಾತ್ರವೇ, ತಾನಾಗಿ ನವೀಕರಣವಾಗುತ್ತದೆಯೇ, ನಿಮ್ಮ ಟಿ.ವಿ. ಅಥವಾ ರೋಕು, ಫೈರ್ ಟಿ.ವಿ.ಯಲ್ಲಿ ಆ ಆ್ಯಪ್ ನಡೆಯುತ್ತದೆಯೇ. ಉತ್ತರಗಳನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಪಡೆಯಿರಿ.

ಮೂರನೇ ದಾರಿ ಬೇಡ

"ಒಂದೇ ಸಲ ಹಣ ಕೊಡಿ, ಸಾವಿರ ಚಾನೆಲ್, ತಿಂಗಳ ಬಿಲ್ಲಿಲ್ಲ" ಎನ್ನುವ ಡಬ್ಬಿಗಳು ನಮ್ಮ ಬಳಗದಲ್ಲೂ ಓಡಾಡಿವೆ. ಎಲ್ಲ ಗುಂಪುಗಳ ಎಲ್ಲ ಭಾಷೆಗಳ ಚಾನೆಲ್ ಒಂದೇ ಕಡೆ ಬಿಟ್ಟಿಯಾಗಿ ಸಿಗುತ್ತಿದ್ದರೆ ಹಕ್ಕಿಗೆ ಹಣ ಕೊಟ್ಟಿರುವುದು ಅಸಂಭವ. ಇವು ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಪ್ಪಾಗುತ್ತವೆ. ಕೇಳಲು ವಿಳಾಸವೂ ಇರುವುದಿಲ್ಲ. ಹಣಕ್ಕಿಂತ ದೊಡ್ಡ ಅಪಾಯ ಮನೆಯ ನೆಟ್‌ವರ್ಕಿನದು. 2025ರ ಜೂನ್‌ನಲ್ಲಿ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಎಂಬ ಜಾಲದ ಬಗ್ಗೆ ಎಚ್ಚರಿಸಿತು. ಟಿ.ವಿ. ಡಬ್ಬಿಯಂಥ ಅಗ್ಗದ ಸಾಧನಗಳಲ್ಲಿ ಕೆಟ್ಟ ತಂತ್ರಾಂಶ ಸೇರಿಕೊಂಡು, ಮನೆಯ ಇಂಟರ್‌ನೆಟ್ಟನ್ನು ಕಳ್ಳರ ಕೆಲಸಕ್ಕೆ ಬಳಸಿಕೊಳ್ಳುತ್ತಿತ್ತು. ನೀವು ಬ್ಯಾಂಕಿನ ಕೆಲಸ ಮಾಡುವ ಅದೇ ವೈ-ಫೈಗೆ ಇಂಥ ಡಬ್ಬಿ ಸಿಕ್ಕಿಸುವುದು ಮನೆ ಬಾಗಿಲ ಕೀಲಿಯನ್ನು ದಾರಿಹೋಕರಿಗೆ ಕೊಟ್ಟಂತೆ.

ರಿಮೋಟ್ ಹಿಡಿಯುವ ಕೈ ಯಾರದು?

ಕೊನೆಯ ಪ್ರಶ್ನೆ, ಆದರೆ ನಮ್ಮ ಪ್ರಕಾರ ಎಲ್ಲಕ್ಕಿಂತ ದೊಡ್ಡದು. ನಾವು ಬೆಳಿಗ್ಗೆ ಕೆಲಸಕ್ಕೆ ಹೋಗುತ್ತೇವೆ, ಮಕ್ಕಳು ಶಾಲೆಗೆ. ಕಾರು ಓಡಿಸಲು ಬಾರದ, ಹೊರಗೆ ಮಾತಿಗೆ ಜನ ಸಿಗದ ಹಿರಿಯರು ಎಂಟು-ಹತ್ತು ಗಂಟೆ ಮನೆಯಲ್ಲಿ ಇಬ್ಬರೇ. ಆ ಹೊತ್ತಿನಲ್ಲಿ ಟಿ.ವಿ. ಅವರಿಗೆ ಊರಿನ ಕಡೆಗಿನ ಕಿಟಕಿ. ಅದನ್ನು ಅವರೇ ತೆರೆಯುವಂತಿರಬೇಕು. ಡಿಶ್ಶಿನ ರಿಮೋಟಿನಲ್ಲಿ ಚಾನೆಲ್ ನಂಬರ್ ಒತ್ತಿದರಾಯಿತು, ಊರಿನ ಅಭ್ಯಾಸವೇ. ಆ್ಯಪ್‌ಗಳಲ್ಲಿ ಟಿ.ವಿ. ಹಾಕಿ, ಆ್ಯಪ್ ಹುಡುಕಿ, ಹೆಸರು ಆರಿಸಿ, ಬಾಣದ ಗುರುತಿನಲ್ಲಿ ಸರಿದು... ನಡುವೆ ಇಂಗ್ಲಿಷಿನಲ್ಲಿ ಏನೋ ಕೇಳಿತೆಂದರೆ ಮುಗಿಯಿತು, ಸಂಜೆ ನಾವು ಬರುವವರೆಗೆ ಕತ್ತಲು.

2014ರ ಜೂನ್‌ನಲ್ಲಿ ನಾವು ಎರಡು ಸಂಜೆ ಕೂತು ಮಾವನವರಿಗೆ ಕಲಿಸಿದೆವು. ಒಂದು ರಟ್ಟಿನ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಏಳು ಹೆಜ್ಜೆ ಬರೆದು ಟಿ.ವಿ. ಪಕ್ಕ ಅಂಟಿಸಿದೆವು. ಬೇಡದ ಆ್ಯಪ್‌ಗಳನ್ನೆಲ್ಲ ತೆಗೆದುಹಾಕಿ ಕನ್ನಡದ್ದನ್ನು ಮೊದಲ ಸಾಲಿಗೆ ತಂದೆವು. ಮೂರನೇ ದಿನ ಮಧ್ಯಾಹ್ನ ಆಫೀಸಿಗೆ ಫೋನ್ ಬಂತು. ಏನು ಕೆಟ್ಟಿತೋ ಎಂದು ಎತ್ತಿದರೆ, "ಏನಿಲ್ಲಪ್ಪ, ನಾನೇ ಹಾಕ್ದೆ. ಅದನ್ನ ಹೇಳೋಣ ಅಂತ ಮಾಡ್ದೆ" ಎಂದರು. ಹಿಂದಿನಿಂದ ಅತ್ತೆಯ ಧಾರಾವಾಹಿಯ ಸದ್ದು ಕೇಳುತ್ತಿತ್ತು. ಆ ಬೇಸಿಗೆಯಲ್ಲಿ ಅಜ್ಜಿ-ತಾತನ ಜೊತೆ ಕೂತು ನೋಡಿದ ನಮ್ಮ ಮಗ, ಅರ್ಥವಾಗದ ಮಾತನ್ನೆಲ್ಲ ಅವರನ್ನೇ ಕೇಳಿ ಕೇಳಿ ಕಲಿತ. ನಾವು ಕೂರಿಸಿ ಹೇಳಿಕೊಟ್ಟಿದ್ದಕ್ಕಿಂತ ಅದೇ ಹೆಚ್ಚಾಯಿತು.

ಒಟ್ಟಿನಲ್ಲಿ ಯಾರಿಗೆ ಯಾವುದು?

1. ಆರು ತಿಂಗಳಿಗೆ ಬರುವ ಹಿರಿಯರಿಗಾಗಿ ಮಾತ್ರವಾದರೆ: ತಿಂಗಳ ಚಂದಾದ ಬ್ರಾಡ್‌ಬ್ಯಾಂಡ್. ದೀರ್ಘ ಕರಾರು ಬೇಡ.

2. ಹಿರಿಯರು ಖಾಯಂ ಜೊತೆಗಿದ್ದು, ಸ್ವಂತ ಮನೆ, ದಕ್ಷಿಣದ ಆಕಾಶ ತೆರೆದಿದ್ದು, ದಿನವಿಡೀ ಟಿ.ವಿ. ಓಡುವುದಾದರೆ: ಬೇಕಾದ ಚಾನೆಲ್ ಪಟ್ಟಿಯಲ್ಲಿದ್ದರೆ ಡಿಶ್ ಇಂದಿಗೂ ಒಳ್ಳೆಯದು.

3. ಬಾಡಿಗೆ ಅಪಾರ್ಟ್‌ಮೆಂಟ್, ವರ್ಷ-ಎರಡು ವರ್ಷಕ್ಕೆ ಊರು ಬದಲಿಸುವ ಕೆಲಸ: ಬ್ರಾಡ್‌ಬ್ಯಾಂಡ್. ಡಬ್ಬಿಯನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಬಹುದು.

4. ಒಳ್ಳೆಯ ತಂತಿ ಇಲ್ಲದ, ಅಥವಾ ಡೇಟಾ ಮಿತಿ ಬಿಗಿಯಾಗಿರುವ ಜಾಗ: ಡಿಶ್.

5. ಸುದ್ದಿ, ಚಂದನದ ಕಾರ್ಯಕ್ರಮಗಳಷ್ಟೇ ಸಾಕಾದರೆ: ಮೊದಲು ಉಚಿತವಾಗಿ ಸಿಗುವುದನ್ನು ಒಂದು ತಿಂಗಳು ನೋಡಿ.

ಬ್ರಿಟನ್ ಮತ್ತು ಗಲ್ಫ್ ಬಂಧುಗಳಿಗೆ

ಬ್ರಿಟನ್ನಿನ ಸ್ಕೈ ಕಂಪನಿ ಪೂರ್ವ 28.2 ಡಿಗ್ರಿಯ ಉಪಗ್ರಹಗಳ ಮೂಲಕ ಡಿಶ್ ಸೇವೆ ಕಟ್ಟಿತು. ಅದೇ ಕಂಪನಿ 2021ರಲ್ಲಿ ಡಿಶ್ ಬೇಡದ ಸ್ಕೈ ಗ್ಲಾಸ್, 2022ರಲ್ಲಿ ಸ್ಕೈ ಸ್ಟ್ರೀಮ್ ತಂದಿತು. ಅಲ್ಲೂ ಗಾಳಿ ಬೀಸುತ್ತಿರುವುದು ತಂತಿಯ ಕಡೆಗೇ. ಗಲ್ಫಿನಲ್ಲಿ ಕಟ್ಟಡದ ಮಾಳಿಗೆಯ ಮೇಲೆ ಡಿಶ್ ಇದೆ ಎಂದ ಮಾತ್ರಕ್ಕೆ ಕನ್ನಡ ಬರುತ್ತದೆ ಎಂದಲ್ಲ. ಅರಬ್ ಚಾನೆಲ್‌ಗಳ ನೈಲ್‌ಸ್ಯಾಟ್, ಅರಬ್‌ಸ್ಯಾಟ್‌ಗಳಿಗೆ ದುಬೈಯಿಂದ ಡಿಶ್ ಪಶ್ಚಿಮದ ಕಡೆಗೆ ವಾಲಬೇಕು. ಭಾರತದ ಕಡೆಯ ಉಪಗ್ರಹಗಳು ಆಗ್ನೇಯಕ್ಕೆ. ಒಂದು ದಿಕ್ಕಿಗೆ ಬಿಗಿದ ಡಿಶ್ ಇನ್ನೊಂದನ್ನು ನೋಡದು. ಫೈಬರ್ ಇರುವ ಫ್ಲ್ಯಾಟುಗಳಲ್ಲಿ ಟೆಲಿಫೋನ್ ಕಂಪನಿಯ ಟಿ.ವಿ. ಪಟ್ಟಿಯನ್ನು ಮೊದಲು ನೋಡಿ. ಉಳಿದಂತೆ ಮೇಲಿನ ಪ್ರಶ್ನೆಗಳೆಲ್ಲ ನಿಮಗೂ ಅವೇ.

ಈ ಲೇಖನವನ್ನು ಪ್ರಿಂಟ್ ಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿಡಿ. ವಿಮಾನದ ಟಿಕೆಟ್ ಬುಕ್ ಆದ ದಿನವೇ ಊರಿಗೆ ಫೋನ್ ಮಾಡಿ, "ಅಮ್ಮ, ನೀವು ದಿನಾ ಏನು ನೋಡ್ತೀರಿ?" ಎಂದು ಕೇಳಿ ಬರೆದುಕೊಳ್ಳಿ. ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಉಳಿದರ್ಧಕ್ಕೆ, ಹೊರಗೆ ಹೋಗಿ ದಕ್ಷಿಣದ ಕಡೆಯ ಮರಗಳನ್ನೊಮ್ಮೆ ನೋಡಿ ಬನ್ನಿ.